ಚಾವಣಿ ಸೇತುವೆ ದಾಟಿದ ಮಾಸ್ತರು

ನಡೆಯುವಾಗ ಅವರ ಚಪ್ಪಲಿ ಕಿರ್ರ್ ಎನ್ನುತ್ತಿತ್ತು. ದೇವದುರ್ಗದಲ್ಲಿ ಹೊಲಿಸಿದ್ದು, ಅಟ್ಟೆಗೆ ಕಬ್ಬಿಣದ ಮೊಳೆ. ಆ ಸದ್ದು ಕೇಳಿದರೆ ಸಾಕು, ಗದ್ದಲದ ತರಗತಿ ಸುಮ್ಮನಾಗುತ್ತಿತ್ತು. ಇದನ್ನು ಬರೆಯುವುದನ್ನು ಎಷ್ಟೋ ವರ್ಷ ಮುಂದೂಡಿದೆ. ಈಗಲೂ ಅವರ ಹೆಸರು ಬರೆಯಲಾರೆ. ತಪ್ಪಾಯಿತು ಎನ್ನದ ಬಾಯಿಗೆ ಆ ಹೆಸರು ಯಾಕೆ?

ಎಪ್ಪತ್ತರ ದಶಕದ ಕೊನೆ. ಮಾನ್ವಿಯ ಶಾಲೆಯೊಂದರಲ್ಲಿ ಅವರು ಇತಿಹಾಸದ ಮಾಸ್ತರು, ಮೆಟ್ರಿಕ್ ಮುಗಿಸಿದ ನಾನು ಗುಮಾಸ್ತ. ಅವರು ಅರಕೇರಾ ಕಡೆಯ ಕೂಲಿಕಾರರ ಮಗ, ಊರ ಹೊರಗಿನ ಕೇರಿಯವರು. ನಾನು ವ್ಯಾಪಾರಸ್ಥರ ಮನೆಯವನು. ದಿನಾ ಮಧ್ಯಾಹ್ನ ರೊಟ್ಟಿ ಗಂಟು ಬಿಚ್ಚಿ ನೆಂಚಿಕೊಳ್ಳುವ ಶೇಂಗಾ ಹಿಂಡಿಯನ್ನು ನನ್ನತ್ತ ಸರಿಸುತ್ತಿದ್ದರು. ಹಸಿವಿಲ್ಲ ಎನ್ನುತ್ತಿದ್ದೆ. ನಕ್ಕು, ಮರುದಿನವೂ ಸರಿಸುತ್ತಿದ್ದರು.

ಒಮ್ಮೆ ರಾಯಚೂರಿನ ಹಳೇ ಪೇಟೆಗೆ, ಕಂದಕದ ಮೇಲಿನ ಚಾವಣಿ ಸೇತುವೆ ತೋರಿಸಲು ಮಕ್ಕಳನ್ನು ಕರೆದೊಯ್ದೆವು. ಸೇತುವೆಯ ಎರಡೂ ಬದಿ ಕಲ್ಲುಕಟ್ಟೆ, ಅದರ ಮೇಲೆ ಹತ್ತಿ ವ್ಯಾಪಾರಿಗಳು. ಅವರೆದುರು ಕೇರಿಯವರು ಚಪ್ಪಲಿ ಕೈಯಲ್ಲಿ ಹಿಡಿದೇ ದಾಟಬೇಕೆಂಬ ರಿವಾಜು. ಅದನ್ನು ಅವರ ಕಿವಿಯಲ್ಲಿ ಹೇಳಿದೆ. ಅವರ ಒಳ್ಳೆಯದಕ್ಕೇ ಹೇಳಿದೆ ಅಂದುಕೊಂಡಿದ್ದೆ.

ಮಾಸ್ತರು ಮಕ್ಕಳ ಕಡೆ ತಿರುಗಿದರು. "ಈ ಕಲ್ಲು ಹೊತ್ತವರು ಯಾರು? ನಮ್ಮ ಮುತ್ತ್ಯಾರು. ಬರ್ರಿ, ಸಾವಕಾಶ ನೋಡಕೋತ ಹೋಗೂಣು." ಚಪ್ಪಲಿ ಮೆಟ್ಟಿಯೇ ಕಾಲಿಟ್ಟರು.

ಆ ಮಾತಿನಿಂದಲೇ ಕೇರಿಯವರೆಂದು ತಿಳಿದು ಕಟ್ಟೆಯಿಂದ ಎದ್ದವನು ನನ್ನ ಸೋದರಮಾವ. "ಯಾರಲೇ ಇಂವಾ? ನಿನ್ನ ಕೂಡ ಬಂದಾನೇನು?" ಎಂದು ನನ್ನನ್ನೇ ಕೇಳಿದ.

"ಇಲ್ಲ ಮಾವಾ. ನನಗ ಗೊತ್ತಿಲ್ಲ" ಎಂದೆ.

ಮಾಸ್ತರ ಹೆಜ್ಜೆ ಒಂದು ಗಳಿಗೆ ನಿಂತಿತು. ತಿರುಗಿ ನೋಡಲಿಲ್ಲ, ಮತ್ತೆ ನಡೆದರು. ಚಾವಣಿಯ ಕೆಳಗೆ ಆ ಕಿರ್ರ್ ಸದ್ದು ಹತ್ತು ಜನರ ನಡಿಗೆಯಂತೆ ಮೊಳಗಿತು. ಅವರ ಹಿಂದೆ ಮಕ್ಕಳು; ಅವರಲ್ಲಿ ವ್ಯಾಪಾರಸ್ಥರ ಮಕ್ಕಳೂ ಇದ್ದರು. ತಮ್ಮವರ ಮಕ್ಕಳನ್ನು ಕಂಡ ಮಾವ, ಆ ಸಾಲು ಮುಗಿಯುವಷ್ಟರಲ್ಲಿ ಮತ್ತೆ ಕಟ್ಟೆಯ ಮೇಲೆ ಕೂತಿದ್ದ. ಆಚೆ ತುದಿಯಲ್ಲಿ ಸೊಪ್ಪಿನ ಹೊರೆ ಹೊತ್ತು, ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ ಮುದುಕಿ ಅದನ್ನೆಲ್ಲ ನೋಡಿದಳು. ಚಪ್ಪಲಿ ಕೆಳಗೆ ಹಾಕಿ, ಮೆಟ್ಟಿಕೊಂಡು, ಈಚೆಗೆ ದಾಟಿ ಬಂದಳು. ಆ ರಿವಾಜು ಅಲ್ಲಿಗೇ ಮುರಿಯಿತು.

ಸಂಜೆ ಬಸ್ಸಿನಲ್ಲಿ ಮಾಸ್ತರು ನನಗಾಗಿ ಸೀಟಿನ ಮೇಲೆ ಟವೆಲ್ ಹಾಕಿಟ್ಟಿದ್ದರು. "ಬರ್ರಿ, ಕೂಡ್ರಿ" ಎಂದರು. ರೊಟ್ಟಿ ಗಂಟು ಬಿಚ್ಚಿ ಹಿಂಡಿ ಸರಿಸಿದರು. ಅವತ್ತು ತಿಂದೆ. ಆಡಬೇಕಾಗಿದ್ದ ಮಾತು ಮಾತ್ರ ಆಡಲಿಲ್ಲ. ಕೆಲವು ವರ್ಷಗಳಲ್ಲಿ ಅವರಿಗೆ ವರ್ಗವಾಯಿತು. ಆಮೇಲೆ ತೀರಿಕೊಂಡ ಸುದ್ದಿ ಬಂತು.

ಹೋದ ತಿಂಗಳು ಆ ಸೇತುವೆಗೆ ಹೋಗಿದ್ದೆ. ವ್ಯಾಪಾರಿಗಳ ಕಟ್ಟೆಯ ಮೇಲೆ ಕಾಲೇಜು ಹುಡುಗಿಯರು ಕಾಲು ಇಳಿಬಿಟ್ಟು ಕೂತಿದ್ದರು. ಒಬ್ಬಳು ಸರಿದು ಜಾಗ ಕೊಟ್ಟು, "ಒಬ್ಬರೇ ಬಂದೀರೇನು ಅಜ್ಜಾ?" ಎಂದಳು.

"ಇಲ್ಲವ್ವಾ" ಎಂದೆ. "ನಮ್ಮ ಮಾಸ್ತರ ಕೂಡ ಬಂದೀನಿ."