ಮೂರನೇ ಸೆಟ್ಟಿನ ಮಧ್ಯೆ ಒಂದು ಸನ್ಮಾನ

ಇವತ್ತು ಬೆಳಗ್ಗೆ ಚನ್ನಪಟ್ಟಣದ ನಮ್ಮ ಕ್ಲಬ್ಬಿನ ಮೆಟ್ಟಿಲ ಮೇಲೆ ಕೂತು ಜಯಮ್ಮ ಮೇಡಂ ರಾಕೆಟ್ಟಿಗೆ ಹೊಸ ಗ್ರಿಪ್ ಸುತ್ತುತ್ತಿದ್ದರು. ಟೇಪಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಒಂದೊಂದೇ ಸುತ್ತು, ನಿಧಾನವಾಗಿ.

ನನ್ನ ಕೈಯಲ್ಲಿ ಅವರಿಗೆ ಕೊಡಬೇಕಾದ ಅಭಿನಂದನಾ ಪತ್ರ ಇತ್ತು. ಫ್ರೇಮ್ ಹಾಕಿಸಿದ್ದು. ಕೊನೆಯ ಪ್ಯಾರಾದಲ್ಲಿ 'ಇಂದು ಟೆನಿಸ್ ಅಂಗಳಕ್ಕೆ ವಿದಾಯ ಹೇಳುತ್ತಿರುವ ತಮಗೆ...' ಎಂದು ನಾನೇ ಬರೆದಿದ್ದೆ.

ಇವತ್ತೇ ಆಟ ಬಿಡುವವರಿಗೆ ಹೊಸ ಗ್ರಿಪ್ ಯಾಕೆ?

ಕೇಳಬೇಕೆನಿಸಿತು. ಬಸ್ಸಿನಲ್ಲಿ 'ಸ್ಟಾಪ್ ಕೊಡಿ' ಎನ್ನುವುದಕ್ಕೂ ಸಂಕೋಚಪಡುವವಳು ನಾನು... ಕೇಳಲಿಲ್ಲ.

ಮೇಡಂ ದೊಡ್ಡಆಲಹಳ್ಳಿಯ ರೈತರ ಮನೆಯ ಮಗಳು. ಕಾಲೇಜಿನಲ್ಲಿ ಯಾರದೋ ಹಳೇ ರಾಕೆಟ್ ಹಿಡಿದವರು ಎಷ್ಟೋ ವರ್ಷ ರಾಜ್ಯದ ಚಾಂಪಿಯನ್ ಆಗಿದ್ದರು. ಮದುವೆಯಾಯಿತು, ಪಿ.ಟಿ. ಟೀಚರ್ ಆದರು, ಮೊಣಕಾಲಿನ ಆಪರೇಷನ್ ಆಯಿತು, ಕೆಲಸದಿಂದ ರಿಟೈರ್ ಆದರು, ಅಜ್ಜಿಯಾದರು. ಆಟ ಮಾತ್ರ ನಿಲ್ಲಲಿಲ್ಲ.

ಈಗ ಅರವತ್ಮೂರು. ಇವತ್ತು ನಮ್ಮ ಕ್ಲಬ್ಬಿನ ಟೂರ್ನಮೆಂಟಿನ ಫೈನಲ್. ಎದುರಿಗೆ ಮಂಡ್ಯದ ಒಬ್ಬರು ಮಹಿಳಾ ಬ್ಯಾಂಕ್ ಆಫೀಸರ್, ಅವರಿಗಿನ್ನೂ ನಲವತ್ತೂ ಆಗಿಲ್ಲ.

ಪತ್ರ ಬರೆಸಿದ್ದು ಕ್ಲಬ್ಬಿನ ಸೆಕ್ರೆಟರಿ, ನಮ್ಮ ಶಿವಣ್ಣ ದೊಡ್ಡಪ್ಪ. "ಕನ್ನಡ ಎಂ.ಎ. ಮಾಡಿದ್ದೀಯಲ್ಲವ್ವ, ಕಣ್ಣಲ್ಲಿ ನೀರ್ ಬರೋ ಹಂಗೆ ಬರ್ದ್ಕೊಡು. ಇದೇ ಅವ್ರ್ ಕೊನೇ ಮ್ಯಾಚು" ಎಂದಿದ್ದರು. ಮೇಡಂ ಹಾಗಂದರಾ ಎಂದರೆ, "ಅವ್ರ್ ಯಾಕಂತಾರೆ? ವಯಸ್ಸಾಯ್ತು, ನಾವೇ ಗೌರವವಾಗಿ ಕಳಿಸ್ಕೊಡ್ಬೇಕು."

ಮ್ಯಾಚ್ ಶುರುವಾಯಿತು. ಒಂದು ಸೆಟ್ ಇವರದು, ಒಂದು ಸೆಟ್ ಅವರದು. ಮೂರನೆಯದರಲ್ಲಿ ಮೇಡಂ ನಾಲ್ಕು-ಐದು ಹಿಂದೆ. ಬಾಲು ನೆಲಕ್ಕೆ ಪುಟಿಸುತ್ತಾ ಸರ್ವಿಗೆ ನಿಂತಿದ್ದಾರೆ...

ಹಾರ್ನ್. ಮುಖ್ಯ ಅತಿಥಿಗಳು ಒಂದು ಗಂಟೆ ಮುಂಚೆಯೇ ಬಂದುಬಿಟ್ಟರು.

ದೊಡ್ಡಪ್ಪ ನೇರ ಕೋರ್ಟಿನೊಳಕ್ಕೇ ನಡೆದರು. "ಒಂದೈದ್ ನಿಮಿಷ ಆಟ ನಿಲ್ಸಿ. ಸಾಹೇಬ್ರು ಕುದೂರಲ್ಲಿ ಇನ್ನೊಂದ್ ಪ್ರೋಗ್ರಾಂಗೆ ಹೋಗ್ಬೇಕು."

"ಮ್ಯಾಚ್ ನಡೀತೈತಲ್ಲ ಸಾರ್" ಎಂದರು ಅಂಪೈರ್.

"ಮ್ಯಾಚ್ ಎಲ್ಲಿಗೂ ಹೋಗಲ್ಲ. ಸಾಹೇಬ್ರು ಹೋಗ್ಬುಡ್ತಾರೆ."

ಬೇಸ್‌ಲೈನಿನ ಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ ಬಂತು. ಬೆವರು ಸುರಿಯುತ್ತಿದ್ದ ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು, ಕೊರಳಿಗೆ ಹಳದಿ ರೇಷ್ಮೆಗೂಡಿನ ಹಾರ, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ರಾಕೆಟ್ ಮಾತ್ರ ಮೇಡಂ ಕೈಬಿಡಲಿಲ್ಲ. ಮಂಡ್ಯದವರು ನೆಟ್ಟಿನ ಆಚೆ ನೀರು ಕುಡಿಯುತ್ತಾ ಚಪ್ಪಾಳೆ ಹೊಡೆಯುತ್ತಿದ್ದರು.

ಮೈಕಿಗೆ ನನ್ನ ಹೆಸರು ಕೂಗಿದರು.

ಓದಿದೆ. ಕೊನೆಯ ಪ್ಯಾರಾಕ್ಕೆ ಬಂದೆ.

ನಮ್ಮ ಕಡೆ ಅತಿಥಿಗಳ ಎದುರು ಮೈಕಿನಲ್ಲಿ ಒಮ್ಮೆ ಹೇಳಿದರೆ ಅದೇ ತೀರ್ಮಾನ. ಮುಂದಿನ ಸಲ ಮೇಡಂ ಎಂಟ್ರಿ ಫಾರಂ ತಂದರೆ, 'ಬೀಳ್ಕೊಟ್ಟಾಯ್ತಲ್ಲ ಮೇಡಂ' ಎಂದು ನಗುತ್ತಾ ವಾಪಸ್ ಕೊಡುತ್ತಾರೆ.

ತಲೆಯೆತ್ತಿ ನೋಡಿದೆ. ಪೇಟದ ಕೆಳಗಿದ್ದ ಆ ಕಣ್ಣುಗಳು ನನ್ನ ಮೇಲಿರಲಿಲ್ಲ, ಸಾಹೇಬರ ಮೇಲೂ ಇರಲಿಲ್ಲ. ಸ್ಕೋರ್ ಬೋರ್ಡಿನ ಮೇಲಿದ್ದವು.

"...ಉಳಿದ ಆಟಕ್ಕೆ ಶುಭ ಹಾರೈಸುತ್ತೇವೆ" ಎಂದು ಮೈಕು ಬಿಟ್ಟು ಹೆಚ್ಚುಕಡಿಮೆ ಓಡಿದೆ.

ಸಾಹೇಬರ ಕಾರು ಹೊರಟಿತು. ಮೇಡಂ ಎದ್ದು ಪೇಟವನ್ನು ಅಂಪೈರ್ ಕೈಗಿಟ್ಟರು. ಅವಸರದಲ್ಲಿ ಹಾರ ಎಳೆದರು, ದಾರ ಹರಿಯಿತು. ಹಳದಿ ಗೂಡುಗಳು ಇಡೀ ಕೋರ್ಟಿನ ತುಂಬಾ ಉರುಳಿದವು! ಮಂಡ್ಯದವರು, ಅಂಪೈರ್, ನಾನು, ದೊಡ್ಡಪ್ಪ ಎಲ್ಲರೂ ಬಗ್ಗಿ ಆಯುತ್ತಿದ್ದೇವೆ. "ಬಾಲ್ ಯಾವ್ದು, ಗೂಡ್ ಯಾವ್ದು ನೋಡ್ಕಂಡ್ ಎತ್ಕಳಿ" ಎಂದು ಮೇಡಂ ರೇಗಿಸುತ್ತಿದ್ದಾರೆ. ನಗು ತಡೆಯಲಾಗದೆ ನಾನು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟೆ.

ಆಮೇಲಿನದು ಆಟ. ಐದು-ಐದು ಮಾಡಿದರು. ಆರು-ಆರು ಮಾಡಿದರು. ಟೈಬ್ರೇಕಿನಲ್ಲಿ ಎರಡೇ ಪಾಯಿಂಟಿನ ಅಂತರದಲ್ಲಿ ಸೋತರು.

ಸೋತವರು ಅಷ್ಟು ಖುಷಿಯಾಗಿದ್ದುದನ್ನು ನಾನು ನೋಡೇ ಇಲ್ಲ. ಮಂಡ್ಯದವರ ಭುಜ ತಟ್ಟಿ, "ಮುಂದಿನ್ ಸಲ ವಿಚಾರಿಸ್ಕತೀನಿ ಕಣವ್ವ ನಿನ್ನ" ಎಂದರು.

ದೊಡ್ಡಪ್ಪನ ಮುಖ ನೋಡಬೇಕಿತ್ತು. "ಕೊನೇದ್ ಓದ್ಲೇ ಇಲ್ವಲ್ಲವ್ವ?"

"ಮರ್ತೋಯ್ತು ದೊಡ್ಡಪ್ಪ." ನಾನು ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ.

ಆದರೆ ಫ್ರೇಮಿನಲ್ಲಿ ಅದು ಹಾಗೇ ಇತ್ತಲ್ಲ... ಮೇಡಂ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ ನನ್ನನ್ನು ಕರೆದರು.

"ನೀನೇನಾ ಬರ್ದಿದ್ದು?"

"ಹೂಂ ಮೇಡಂ."

"ಚೆನ್ನಾಗೈತೆ. ಕೊನೇದೊಂದ್ ಸುಳ್ಳು. ಅದನ್ನ ನುಂಗ್ಕಂಡ್ಯಲ್ಲ, ಅದು ಇನ್ನೂ ಚೆನ್ನಾಗಿತ್ತು." ಬ್ಯಾಗಿನ ಜಿಪ್ ಎಳೆಯುತ್ತಾ ಹೇಳಿದರು, "ಮುಂದಿನ್ ತಿಂಗ್ಳು ಹಾಸನದಲ್ಲಿ ಟೂರ್ನಮೆಂಟ್ ಐತೆ. ಒಬ್ಳೇ ಹೋಗಿ ಹೋಗಿ ಬೇಜಾರಾಗೈತೆ. ಬತ್ತೀಯಾ?"

ತಮಾಷೆಗೂ ಕೇಳಿರಬಹುದು. ನಾನು ನಕ್ಕು ಬಂದೆ.

ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ, ಹೋಗುವುದೆಂದು ನಿರ್ಧರಿಸಿದ್ದೇನೆ.