ಅಡಿಮೇಲಾದ ಪದರ

ಜಲಜ ಕಂಡದ್ದು ಸರಿಯಾಗಿತ್ತು. ಸುಳ್ಳು ಹೇಳಿದವನು ನಾನು — ತಿಳಿದೂ ತಿಳಿದೂ.

ಬೈಂದೂರಿನ ಮೂಡಣ ಗುಡ್ಡಗಳಲ್ಲಿ ಬಹು ಪುರಾತನ ಮರಳುಕಲ್ಲಿನ ಪಟ್ಟಿಯೊಂದಿದೆ. ಎಣಿಕೆಗೆ ಸಿಗದಷ್ಟು ಹಿಂದೆ ಅಲ್ಲಿ ನೀರಿತ್ತು. ಅದರ ಅಲೆಗಳು ಮರಳಿನ ಮೇಲೆ ಎಳೆದ ಗೆರೆಗಳು ಹಾಗೇ ಕಲ್ಲಾಗಿ ಉಳಿದಿವೆ. ಆ ಪದರಗಳ ನಕ್ಷೆಯೇ ನನ್ನ ಪಿಎಚ್.ಡಿ. ನಮ್ಮ ಭೂವಿಜ್ಞಾನ ವಿಭಾಗದಲ್ಲೇ ಎಂ.ಎಸ್ಸಿ. ಓದುತ್ತಿದ್ದ ಉಪ್ಪುಂದದ ಜಲಜ ತನ್ನ ಪ್ರಾಜೆಕ್ಟಿಗಾಗಿ ಅದೇ ಗುಡ್ಡಕ್ಕೆ ಬರುತ್ತಿದ್ದಳು.

ಒಂದು ಬೆಳಿಗ್ಗೆ ಗುಡ್ಡದಿಂದ ನೀರು ಹರಿದಿಳಿಯುವ ತೋಡಿನ ಬದಿಯಿಂದ ಕೂಗಿದಳು: "ಹ್ವಾಯ್ ಸರ್, ಇಲ್ಲ್ ಬಂದ್ ಕಾಣಿ! ಗೆರೆ ಚೂಪೆಲ್ಲ ಕೆಳಗೆ ಇತ್ತ್. ಇಡೀ ಪದರವೇ ಅಡಿಮೇಲಾಯಿತ್!"

ಅಲೆಯ ಗೆರೆಯ ಚೂಪು ಮೇಲಕ್ಕಿರಬೇಕು. ಕೆಳಕ್ಕಿದೆಯೆಂದರೆ ನೆಲ ಮಡಚಿ ಪದರಗಳು ಮಗುಚಿವೆ ಎಂದೇ ಅರ್ಥ. ನಾನು ಹಳೆಯದೆಂದು ಬರೆದದ್ದು ಹೊಸದು, ಹೊಸದೆಂದದ್ದು ಹಳೆಯದು. ವರ್ಷಗಟ್ಟಲೆ ಮಾಡಿದ ಕೆಲಸ, ಟೈಪಿಗೆ ಕೊಡುವುದಷ್ಟೇ ಬಾಕಿ...

"ಅದ್ ಮೇಲಿಂದ ಉರುಳಿ ಬಿದ್ದ ಕಲ್ಲ್ ಮರಾಯ್ತಿ," ಎಂದೆ. "ನಿಂಗೆ ಕಲ್ಲ್ ಕಾಂಬುಕೇ ಬತ್ತಿಲ್ಲ."

ಪುಸ್ತಕದಲ್ಲಿ ಬರೆದುಕೊಂಡಿದ್ದನ್ನು ನನ್ನೆದುರೇ ಹೊಡೆದುಹಾಕಿದಳು. ಮಾರನೆಯ ದಿನ ನಾನೊಬ್ಬನೇ ಹೋಗಿ ಮಣ್ಣು ಕೆದಕಿದೆ. ಬಿದ್ದ ಕಲ್ಲಲ್ಲ — ಗುಡ್ಡದ ಬಂಡೆಯದೇ ಭಾಗ. ನೋಡಿದೆ. ಮಣ್ಣು ಮುಚ್ಚಿ ಬಂದೆ.

ನನಗೆ ಪದವಿ ಬಂತು, ಕಾಲೇಜಿನಲ್ಲಿ ಕೆಲಸವೂ ಸಿಕ್ಕಿತು. ಜಲಜ ಪರೀಕ್ಷೆ ಮುಗಿಸಿ ಊರಿಗೆ ಹೋದವಳು ಮತ್ತೆ ಕಲ್ಲಿನ ಕಡೆ ತಿರುಗಲಿಲ್ಲ. ನಾನು ಪ್ರತಿವರ್ಷ ವಿದ್ಯಾರ್ಥಿಗಳನ್ನು ಬೇರೆ ಬೇರೆ ಗುಡ್ಡಗಳಿಗೆ ಕರೆದೊಯ್ದೆ, ಆ ತೋಡಿಗೆ ಮಾತ್ರ ಇಲ್ಲ. ಯಾರನ್ನೂ ಹತ್ತಿರಕ್ಕೆ ಬಿಟ್ಟುಕೊಳ್ಳಲಿಲ್ಲ. ಮಾತು ಬೆಳೆದರೆ ಎಲ್ಲಿ ಇದೂ ಹೊರಬೀಳುವುದೋ ಎಂಬ ಅಂಜಿಕೆ. ನಿವೃತ್ತನಾಗಿ ಈಗ ಬೀಜಾಡಿಯಲ್ಲಿದ್ದೇನೆ. ಒಬ್ಬನೇ. ಕೆಲವು ದಿನ ಸಂಜೆಯವರೆಗೂ ನನ್ನ ದನಿ ನನಗೇ ಕೇಳಿಸಿರುವುದಿಲ್ಲ.

ಕಳೆದ ವಾರ ಉಪ್ಪುಂದಕ್ಕೆ ಹೋದೆ. ಜಲಜ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ನಿಂತುಕೊಂಡೇ ಎಲ್ಲ ಹೇಳಿದೆ. ಮೆಷಿನ್ ನಿಂತಿತು.

"ಹಾಂಗಾರೆ... ನಾ ಕಂಡದ್ದ್ ಸಮ ಇದ್ದಿತ್ತಾ?"

"ಸಮ ಇದ್ದಿತ್ತ್."

ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ಅಪ್ಪಯ್ಯ ಮುಂದೆ ಓದ್ ಅಂದಿದ್ರ್," ಎಂದಳು. "ನಂಗೆ ಕಲ್ಲ್ ಕಾಂಬುಕೇ ಬತ್ತಿಲ್ಲ ಅಂದೇಳಿ ನಾನೇ ಬ್ಯಾಡ ಅಂದೆ."

ಮನೆಗೆ ಬಂದವನೇ ಕಾಗದ, ಪೆನ್ನು ತೆಗೆದು ಕೂತೆ.

ವಿಶ್ವವಿದ್ಯಾಲಯಕ್ಕೆ ಪತ್ರ ಬರೆದು ಹಾಕಿದ್ದೇನೆ: ನಕ್ಷೆ ತಪ್ಪು, ತಿಳಿದೇ ಮಾಡಿದ ತಪ್ಪು, ಸರಿಯಾದದ್ದನ್ನು ಮೊದಲು ಕಂಡವಳು ಜಲಜ. ಪದವಿ ಹಿಂದಕ್ಕೆ ಪಡೆಯುವುದಾದರೆ ಪಡೆಯಲಿ. ಅವಳು ಓದದೆ ಬಿಟ್ಟದ್ದನ್ನು ಮಾತ್ರ — ಅದಕ್ಕೆ ನನ್ನ ಬಳಿ ಬರೆಯಲು ಏನೂ ಇಲ್ಲ.