ಹೊಡೆಯದೆ ಕಲಿಸುವ ತರಗತಿಯಲ್ಲಿ ಕೆಂಚ

2004ರಲ್ಲಿ ನಾನು ತಿಪಟೂರಿನಲ್ಲಿ ಪಶುವೈದ್ಯಾಧಿಕಾರಿಯಾಗಿದ್ದೆ. ಕೆಲಸದ ಬಹುಪಾಲು ಹಸು, ಎಮ್ಮೆಗಳದು: ಕೆಚ್ಚಲುಬಾವು, ಕಷ್ಟದ ಹೆರಿಗೆ, ಕೃತಕ ಗರ್ಭಧಾರಣೆ. ನಾಯಿಗಳು ಬಂದರೆ ರೇಬಿಸ್ ಲಸಿಕೆಗೆ ಬರುತ್ತಿದ್ದವು, ಅಷ್ಟೇ. ಒಂದು ನಾಯಿಯ ಹಿಂದೆ ಭಾನುವಾರಗಳನ್ನೆಲ್ಲ ಕಳೆದುಕೊಳ್ಳುತ್ತೇನೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಕೊಬ್ಬರಿ ವ್ಯಾಪಾರಿ ಸಿದ್ದಲಿಂಗಪ್ಪನವರು ಒಂದು ಬೆಳಿಗ್ಗೆ ಲಗೇಜ್ ಆಟೋದಲ್ಲಿ ಕಂದುಬಣ್ಣದ ನಾಯಿಯೊಂದನ್ನು ಬಾಯಿಗೆ ಹಗ್ಗ ಬಿಗಿದು ತಂದರು. ಹೆಸರು ಕೆಂಚ. ಅವರ ಗೋದಾಮಿನ ಕಾವಲಿಗಿದ್ದದ್ದು. ಹಿಂದಿನ ದಿನ ಮೂಟೆ ಹೊರುವ ಹಮಾಲಿ ಬಸವರಾಜನ ತೊಡೆಗೆ ಕಚ್ಚಿತ್ತು.

"ಒಂದ್ ಇಂಜೆಕ್ಷನ್ ಕೊಟ್ಟು ಮುಗಿಸ್ಬುಡಿ ಡಾಕ್ಟ್ರಮ್ಮ. ಇನ್ನೊಬ್ಬನ್ಗೆ ಕಚ್ಚಿದ್ರೆ ನನ್ ಗೋದಾಮಿಗೆ ಒಬ್ಬ ಹಮಾಲೀನೂ ಕಾಲಿಡಕಿಲ್ಲ."

ಕಚ್ಚಿದ ನಾಯಿಯನ್ನು ಕೂಡಲೇ ಕೊಲ್ಲುವಂತಿಲ್ಲ. ಹತ್ತು ದಿನ ನಿಗಾದಲ್ಲಿಡಬೇಕು. ಅದು ಆರೋಗ್ಯವಾಗಿ ಉಳಿದರೆ ಕಚ್ಚುವಾಗ ಅದಕ್ಕೆ ರೇಬಿಸ್ ಇರಲಿಲ್ಲವೆಂದು ಅರ್ಥ. ಇದನ್ನು ವಿವರಿಸಿ, ಬಸವರಾಜನಿಗೆ ಮಾತ್ರ ತಡಮಾಡದೆ ಚುಚ್ಚುಮದ್ದು ಶುರುಮಾಡಿಸಿ ಎಂದೆ. ಅವನಿಗೆ ಆಗಲೇ ಹಾಕಿಸಿದ್ದರು. ಆದರೆ ನಾಯಿಯನ್ನು ವಾಪಸ್ ಒಯ್ಯಲು ಸುತರಾಂ ಒಪ್ಪಲಿಲ್ಲ. ಬೇರೆ ದಾರಿ ಕಾಣದೆ ನಮ್ಮ ಹಿತ್ತಿಲಲ್ಲಿ ಕಟ್ಟಿಕೊಂಡೆ. ಬೇರೆ ಮನೆ ಸಿಗುವತನಕ ಪ್ರಾಣಿಯನ್ನು ಹೀಗೆ ತಾತ್ಕಾಲಿಕವಾಗಿ ಸಾಕುವುದಕ್ಕೆ ಫಾಸ್ಟರ್ ಎನ್ನುತ್ತಾರೆ. ನಮ್ಮ ಮನೆಯವರು ಅದಕ್ಕೆ ಬೇರೆಯೇ ಹೆಸರಿಟ್ಟರು, ಅದನ್ನು ಇಲ್ಲಿ ಬರೆಯುವಂತಿಲ್ಲ.

ಹತ್ತು ದಿನ ಕಳೆಯಿತು. ಕೆಂಚ ಗುಂಡುಕಲ್ಲಿನಂತಿದ್ದ. ಸಿದ್ದಲಿಂಗಪ್ಪನವರ ಸುಳಿವಿಲ್ಲ. ಅಷ್ಟರಲ್ಲಿ ಒಂದು ಸಂಗತಿ ನನಗೆ ತಿಳಿದಿತ್ತು. ಬಟ್ಟೆ ಒಣಹಾಕಲು ನಾನು ಕೈಯೆತ್ತಿದರೂ ಅವನು ಹಲ್ಲು ಕಿರಿದು ಗುರ್ರೆನ್ನುತ್ತಿದ್ದ. ಎತ್ತಿದ ಕೈಯಿಂದ ಏಟು ತಿಂದೇ ಬೆಳೆದ ನಾಯಿ ಅದು. ಬಸವರಾಜ ಮೂಟೆಯನ್ನು ಹೆಗಲಿಗೇರಿಸಲು ಕೈಯೆತ್ತಿದ್ದಾನೆ, ಇವನು ತಪ್ಪು ತಿಳಿದಿದ್ದಾನೆ.

ಸೇನೆಯ ಶ್ವಾನದಳದಿಂದ ನಿವೃತ್ತರಾದ ಅನ್ವರ್ ಸಾಹೇಬರು ಆಗ ಊರಿನ ಮೈದಾನವೊಂದರಲ್ಲಿ ಭಾನುವಾರ ನಾಯಿಗಳಿಗೆ ತರಬೇತಿ ಕೊಡುತ್ತಿದ್ದರು. ಅವರದು ಪಾಸಿಟಿವ್ ರೀಇನ್‌ಫೋರ್ಸ್‌ಮೆಂಟ್ ವಿಧಾನ. ಅಂದರೆ ಹೊಡೆಯುವಂತಿಲ್ಲ, ಬೈಯುವಂತಿಲ್ಲ. ನಾಯಿ ಸರಿಯಾದದ್ದನ್ನು ಮಾಡಿದ ಕ್ಷಣವೇ ಒಂದು ಮೆಚ್ಚುಗೆಯ ಮಾತು ಹೇಳಿ ತಿನಿಸು ಕೊಡಬೇಕು.

ಕೇಳಲು ಎಷ್ಟು ಸುಲಭ! ಮೊದಲ ದಿನ ಪೊಮೆರೇನಿಯನ್ನು, ಆಲ್ಸೇಷಿಯನ್ನುಗಳೆಲ್ಲ ಬಿಸ್ಕತ್ತಿಗಾಗಿ ಸಾಲಾಗಿ ಕೂತವು. ಕೆಂಚ ಬಿಸ್ಕತ್ತನ್ನು ಉಗಿದು, ನನ್ನನ್ನು ಮೈದಾನದ ತುಂಬ ದರದರನೆ ಎಳೆದಾಡಿದ. ಊರಿನವರೆಲ್ಲ ಬೇಲಿಯಾಚೆ ನಿಂತು ನೋಡಿದರು. ಕೋಳಿ, ಮೊಟ್ಟೆ ಯಾವುದೂ ನಡೆಯಲಿಲ್ಲ. ಕೊನೆಗೆ ಗೊತ್ತಾಯಿತು, ಗೋದಾಮಿನ ನಾಯಿಗೆ ಬೇಕಿದ್ದದ್ದು ಕೊಬ್ಬರಿ. ಕೊಬ್ಬರಿಯ ಜಿಡ್ಡು ನಾಯಿಯ ಹೊಟ್ಟೆಗೆ ಒಗ್ಗುವುದಿಲ್ಲ. ಹಾಗಾಗಿ ಉಗುರಿನಷ್ಟೇ ಚೂರುಗಳನ್ನು ಮಾಡಿ ಕೋಟಿನ ಜೇಬಿಗೆ ಹಾಕಿಕೊಂಡೆ. ನನ್ನ ಸೀರೆ, ಸ್ಟೆತಾಸ್ಕೋಪ್, ಸ್ಕೂಟರಿನ ಡಿಕ್ಕಿ ಎಲ್ಲವೂ ಕೊಬ್ಬರಿ ನಾತ ಹೊಡೆಯತೊಡಗಿದವು.

ಕೂರುವುದನ್ನು ಕಲಿತ. ಜೊತೆಗೆ ಎಡೆಬಿಡದೆ ಬೊಗಳುವುದನ್ನೂ ಕಲಿತ. ಎಲ್ಲಿಂದ ಕಲಿತನೆಂದು ತಲೆ ಕೆಡಿಸಿಕೊಂಡಿದ್ದಾಗ ಒಂದು ಮಧ್ಯಾಹ್ನ ಬೇಗ ಮನೆಗೆ ಬಂದೆ. ಕೆಂಚ ಒಮ್ಮೆ ಬೊಗಳಿದ. ಅಡುಗೆಮನೆಯ ಕಿಟಕಿಯಿಂದ ಒಂದು ತುಂಡು ಚಪಾತಿ ಹಾರಿಬಂತು.

"ಅತ್ತೆ, ಏನ್ ಮಾಡ್ತಿದ್ದೀರಿ!"

"ಹಸ್ಕಂಡು ಕೂಗ್ತದೆ ಕಣೇ, ಪಾಪ. ನಿನ್ಗೆ ಪೇಟೆ ನಾಯಿ ಪಾಠನೇ ಹೆಚ್ಚಾಯ್ತು."

ಅನ್ವರ್ ಸಾಹೇಬರಿಗೆ ಹೇಳಿದರೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನೀವು ವಾರಕ್ಕೊಂದ್ಸಲ ಕಲಿಸ್ತೀರಿ ಮೇಡಂ, ಅವರು ದಿನಾ ಕಲಿಸ್ತಾರೆ. ಪಾಠ ಅವರದ್ದೇ ಚೆನ್ನಾಗಿದೆ."

ಅತ್ತೆಯನ್ನು ಒಪ್ಪಿಸುವುದಕ್ಕೆ ಕೆಂಚನನ್ನು ಒಪ್ಪಿಸಿದ್ದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಆಮೇಲೆ ಎತ್ತಿದ ಕೈಯ ಪಾಠ ಶುರುಮಾಡಿದೆವು. ದೂರದಲ್ಲಿ ಒಬ್ಬರು ಕೈಯನ್ನು ಸ್ವಲ್ಪ ಎತ್ತುವುದು, ಕೆಂಚ ಗುರ್ರೆನ್ನುವ ಮುಂಚೆಯೇ ನಾನು ಕೊಬ್ಬರಿ ಕೊಡುವುದು. ಎಷ್ಟೋ ವಾರಗಳ ನಂತರ, ಪಕ್ಕದಲ್ಲೇ ನಿಂತು ಕೈಯೆತ್ತಿದರೂ ಅವನು ನನ್ನ ಜೇಬಿನ ಕಡೆ ತಿರುಗುವಂತಾದ.

ಆದರೆ ಕಚ್ಚಿದ ನಾಯಿ ಎಂದರೆ ಯಾರೂ ಒಯ್ಯಲು ಮುಂದೆ ಬರಲಿಲ್ಲ. ಆಗ ಬಂದರು ಸಿದ್ದಲಿಂಗಪ್ಪನವರು.

"ಚೆನ್ನಾಗವ್ನೆ ಅಂತ ಕೇಳ್ದೆ. ನಮ್ ನಾಯೀನ ಕೊಡಿ ಡಾಕ್ಟ್ರಮ್ಮ."

ನನಗೆ ಮೈಯೆಲ್ಲ ಉರಿದುಹೋಯಿತು. ಅನ್ವರ್ ಸಾಹೇಬರು ಸೈ ಅನ್ನುವವರೆಗೆ ನೀವೇ ತರಗತಿಗೆ ಬಂದರೆ ಮಾತ್ರ ಕೊಡುತ್ತೇನೆ ಎಂದೆ. ಬರಲಾರರೆಂಬ ಧೈರ್ಯದ ಮೇಲೆ ಹಾಕಿದ ಷರತ್ತು. ಮುಂದಿನ ಭಾನುವಾರ ಗರಿಗರಿ ಬಿಳಿ ಪಂಚೆಯುಟ್ಟು ಬಂದು ನಿಂತೇಬಿಟ್ಟರು.

ಅವರಿಗೆ ಕಲಿಸುವುದರಲ್ಲಿ ನಮ್ಮಿಬ್ಬರಿಗೂ ಸಾಕುಸಾಕಾಯಿತು. ಕೊಬ್ಬರಿ ಕೊಡುತ್ತಿದ್ದರು, ಆದರೆ ಮೆಚ್ಚುಗೆಯ ಮಾತು ಮಾತ್ರ ಬಾಯಿಂದ ಹೊರಡುತ್ತಿರಲಿಲ್ಲ.

"ಶಭಾಷ್ ಅನ್ನಿ, ಯಜಮಾನ್ರೇ."

"ನನ್ ಮಗನ್ಗೇ ಅಂದಿಲ್ಲ ಕಣ್ರೀ, ನಾಯಿಗ್ ಅನ್ಲಾ?" ಎಂದವರೇ ಕೆಂಚನ ಕಡೆ ಬಗ್ಗಿ, "ಥೂ, ಕಳ್ಳ!" ಎಂದು ಚೂರನ್ನು ಬಾಯಿಗಿಟ್ಟರು. ನಾನು ರೇಗಿದೆ. ಅನ್ವರ್ ಸಾಹೇಬರು ತಡೆದರು.

"ಇರ್ಲಿ ಬಿಡಿ ಮೇಡಂ, ನಾಯಿಗೆ ಯಾವ ಮಾತಾದ್ರೂ ಒಂದೇ. ಬಾಲ ನೋಡಿ."

ಕೆಂಚನ ಬಾಲ ನಿಲ್ಲದೆ ಆಡುತ್ತಿತ್ತು.

ಕೊನೆಯ ಪರೀಕ್ಷೆ ಗೋದಾಮಿನಲ್ಲೇ ನಡೆಯಿತು. ಬಸವರಾಜ ಒಪ್ಪಿ ಬಂದಿದ್ದ, ಮುಖ ಬಿಳುಚಿತ್ತು. ಕೆಂಚನ ಹಗ್ಗವನ್ನು ನಾನು ಎರಡು ಸುತ್ತು ಕೈಗೆ ಸುತ್ತಿಕೊಂಡಿದ್ದೆ. ಕಚ್ಚಲು ಹೋದರೆ ಆ ಇಂಜೆಕ್ಷನ್ನನ್ನು ನಾನೇ ಕೊಡಬೇಕಾಗಿತ್ತು. ಬಸವರಾಜ ಮೂಟೆಗೆ ಕೈಹಾಕಿ ಎತ್ತಿದ. ಕೆಂಚನ ಬೆನ್ನಿನ ಕೂದಲು ನಿಮಿರಿತು. ಆಮೇಲೆ ಮೆಲ್ಲನೆ ಕುಕ್ಕರಿಸಿ, ಸಿದ್ದಲಿಂಗಪ್ಪನವರ ಮುಖ ನೋಡಿದ.

"ಥೂ... ಕಳ್ಳ," ಎಂದರು ಅವರು. ದನಿ ಗಟ್ಟಿಯಾಗಿ ಹೊರಡಲಿಲ್ಲ. ನಾನು ಹಗ್ಗವನ್ನು ಅವರ ಕೈಗೆ ಕೊಟ್ಟು ಬಂದೆ.

ಕೆಲವು ತಿಂಗಳ ಮೇಲೆ ಅವರು ಆಸ್ಪತ್ರೆಗೆ ನುಗ್ಗಿ ಬಂದರು. "ಏನ್ ಡಾಕ್ಟ್ರಮ್ಮ ಇದು! ನಿನ್ನೆ ಯಾವನೋ ಗೋದಾಮಿಗೆ ನುಗ್ಗವ್ನೆ. ನಾನು ಕಳ್ಳ, ಕಳ್ಳ ಅಂತ ಬಡ್ಕಂತಿದ್ರೆ, ಇವ್ನು ಓಡ್ಬಂದು ನನ್ ಮುಂದೆ ಕುಂತ್ಕಂಡು ಕೊಬ್ರಿ ಕೇಳ್ತಾನೆ!"

"ಹಾಗಾದ್ರೆ ಇಂಜೆಕ್ಷನ್ ಕೊಟ್ಬಿಡ್ಲಾ?" ಎಂದೆ.

"ಏಯ್, ಬುಡ್ತು ಅನ್ನಿ!" ಎಂದು ಎದ್ದೇ ಹೋದರು.

ಅಲ್ಲಿಂದ ಮುಂದೆ ಕಚ್ಚುವ ನಾಯಿ, ಒದೆಯುವ ಹಸು ಬಂದಾಗಲೆಲ್ಲ ಕರೆತಂದವರನ್ನು ಮೊದಲು ಕೇಳುತ್ತಿದ್ದೆ: "ಅದು ಹಾಗೆ ಮಾಡಿದಾಗ ಮನೆಯಲ್ಲಿ ನೀವೇನು ಮಾಡುತ್ತೀರಿ?" ನಿವೃತ್ತಳಾಗುವವರೆಗೂ ಅದಕ್ಕೆ ನೇರ ಉತ್ತರ ಕೊಟ್ಟವರು ವಿರಳ. ಆದರೂ ಕೇಳುವುದನ್ನು ಬಿಡಲಿಲ್ಲ. ಔಷಧಿ ಬರೆಯುವ ಮೊದಲು ಆ ಉತ್ತರ ನನಗೆ ಬೇಕಿತ್ತು.